ನೈರೋಬಿಯಲ್ಲಿ ಹಾಡಿಗೊಂದು ಹಾಜರಿ ಪಟ್ಟಿ

ಬೊಂಬಾಯಿ ಬಿಟ್ಟು ಆರು ಗಂಟೆ ಹಾರಿದ ವಿಮಾನ ನೈರೋಬಿಯಲ್ಲಿ ಇಳಿದಾಗ ಬೆಳಗಿನ ಒಂಬತ್ತಾಗಿತ್ತು. ಆಫ್ರಿಕಾ ಎಂದರೆ ಸುಡು ಬಿಸಿಲು ಎಂದು ನಂಬಿ ಪೆಟ್ಟಿಗೆ ತುಂಬ ತೆಳು ಹತ್ತಿ ಸೀರೆಗಳನ್ನೇ ಒಯ್ದಿದ್ದ ನಾನು ಮೆಟ್ಟಿಲ ಮೇಲೇ ಗಡಗಡ ನಡುಗಿದೆ. ಜುಲೈ ಅಲ್ಲಿ ಚಳಿಗಾಲವಂತೆ. ಮೇಲೆ ಬೂದು ಮೋಡ, ಕೆಳಗೆ ಜಿಟಿಜಿಟಿ ಹನಿ. ನನ್ನನ್ನು ಕರೆದೊಯ್ಯಲು ಬಂದಿದ್ದ ಅಕ್ಕ ವಿಮಲಾ ತನ್ನ ಸ್ವೆಟರ್ ಬಿಚ್ಚಿ ನನಗೆ ಹಾಕಿ, "ಕಾಗದದಲ್ಲಿ ಬರೆದಿದ್ನಲ್ಲೇ ಪದ್ಮಾ, ಓದೋದೇ ಇಲ್ವಾ ನೀನು?" ಎಂದು ಬೈದಳು. ಮೈಸೂರಿನ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ಕೂತು ಕಂಡವರ ಬರಹವನ್ನೆಲ್ಲ ಓದಿದವಳಿಗೆ ಈ ಮಾತು!

ಭಾವ ರಾಮಚಂದ್ರರಾಯರು ಅಲ್ಲಿ ಹದಿನೆಂಟು ವರ್ಷದಿಂದ ಗಣಿತದ ಉಪನ್ಯಾಸಕರು. ಮೊದಲಿನಿಂದಲೂ ಮಾತು ಕಮ್ಮಿ. ಕಾರು ನಿಲ್ದಾಣದ ಗೇಟು ದಾಟಿದ ಮೇಲೆ ಅವರು ಗಾಜು ಏರಿಸಿದರು.

"ನೋಡಮ್ಮ ಪದ್ಮಾ, ಬೇಜಾರು ಮಾಡ್ಕೋಬೇಡ. ಇಲ್ಲಿ ಸರ್ಕಾರ, ಪಕ್ಷ, ಚುನಾವಣೆ ಅಂತ ಬಾಯಿ ಬಿಡಬೇಡ. ಅಂಗಡೀಲಿ ಬೇಡ, ಮಟಾಟು ವ್ಯಾನಲ್ಲಿ ಬೇಡ, ಮನೇಲೂ ಬೇಡ."

"ಮನೇಲೂ ಯಾಕೆ ಭಾವ?"

"ಮನೇಲಿ ಕೆಲಸದವಳು ಇದಾಳೆ. ಗೇಟಲ್ಲಿ ಕಾವಲಿನವನು ಇದಾನೆ. ಯಾರು ಯಾರ ಹತ್ರ ಏನು ಹೇಳ್ತಾರೋ ನಮಗೇನು ಗೊತ್ತು?"

ಬರ್ಲಿನ್ ಗೋಡೆ ಬಿದ್ದ ಮರುವರ್ಷ ಅದು. ಯುರೋಪಿನಲ್ಲಿ ಒಂದೇ ಪಕ್ಷದ ಸರ್ಕಾರಗಳು ಒಂದೊಂದಾಗಿ ಉರುಳುತ್ತಿದ್ದವು. ಕೀನ್ಯಾದಲ್ಲೂ ಇದ್ದದ್ದು ಒಂದೇ ಪಕ್ಷ; ಇನ್ನೊಂದು ಬೇಕು ಎಂದವರನ್ನು ಹಿಡಿದು ಒಳಗೆ ಹಾಕುತ್ತಿದ್ದರು. ಭಾವನ ಕೆಲಸದ ಪರವಾನಗಿ ಆಗಸ್ಟಿಗೆ ಮುಗಿಯುವುದಿತ್ತು. ಅದು ಮತ್ತೆ ಸಿಗದಿದ್ದರೆ ಮಗಳು ಆಶಾಳ ಶಾಲೆಯ ಕೊನೆಯ ವರ್ಷವನ್ನು ನಡುವೆಯೇ ಬಿಟ್ಟು ಗಂಟುಮೂಟೆ ಕಟ್ಟಬೇಕು.

ಮನೆ ಇದ್ದದ್ದು ಹೈರಿಡ್ಜ್ ಬಡಾವಣೆಯಲ್ಲಿ. ಕೆಂಪು ಮಣ್ಣು, ಎತ್ತರದ ಬೇಲಿ, ಬೇಲಿಯ ಮೇಲೆ ಮುಳ್ಳುತಂತಿ. ಮೊದಲ ನಾಲ್ಕು ದಿನ ಸುಖವಾಗಿಯೇ ಕಳೆದವು. ಅಲ್ಲಿ ವಿಂಬಿ ಎಂದು ಮಾರುವ ಹಿಟ್ಟು ನಮ್ಮ ರಾಗಿಯೇ. ಅಕ್ಕ ದಿನಾ ಮುದ್ದೆ ಮಾಡಿದಳು. ರಸ್ತೆ ಬದಿಯಲ್ಲಿ ಮರಗೆಣಸನ್ನು ಕೆಂಡದಲ್ಲಿ ಸುಟ್ಟು, ಸೀಳಿ, ಖಾರದಪುಡಿ ನಿಂಬೆಹುಳಿ ಸವರಿ ಕೊಡುತ್ತಿದ್ದರು. ಬಾಯಲ್ಲಿ ನೀರೂರುವ ಹಾಗಿತ್ತು. ಒಂದು ಅಂಗಡಿಯ ಗೋಡೆಯ ಮೇಲಿದ್ದ ಫೋಟೋ ನೋಡಿ "ಯಾರೇ ಅಕ್ಕ ಇವರು, ಎಲ್ಲಾ ಅಂಗಡೀಲೂ ಇದಾರಲ್ಲ?" ಎಂದು ಕೇಳಿದ್ದಕ್ಕೆ ಅಕ್ಕ ನನ್ನ ತೋಳು ಜಿಗುಟಿದಳು. ಅವರು ದೇಶದ ಅಧ್ಯಕ್ಷರು. ಜಿಗುಟಿದ ಜಾಗ ಎರಡು ದಿನ ನೀಲಿಗಟ್ಟಿತ್ತು.

ಶನಿವಾರ ಮಧ್ಯಾಹ್ನ ಮನೆಯಲ್ಲಿ ಹಬ್ಬ. ಯುರೋಪಿನ ದೇಶಗಳೆಲ್ಲ ಸೇರಿ ವರ್ಷಕ್ಕೊಮ್ಮೆ ಟೀವಿಯಲ್ಲಿ ಹಾಡಿನ ಸ್ಪರ್ಧೆ ನಡೆಸುತ್ತವೆ. ದೇಶಕ್ಕೊಂದು ಹಾಡು, ಒಬ್ಬರಿಗೊಬ್ಬರು ಅಂಕ. ಪಕ್ಕದ ಮನೆಯ ಪಿಯಾನೋ ಟೀಚರ್ ಲವೀನಾ ಬಾಯಿಯ ತಮ್ಮ ಲಂಡನ್ನಿನಿಂದ ಅದರ ಕ್ಯಾಸೆಟ್ ಕಳಿಸುತ್ತಿದ್ದ. ಲವೀನಾ ಬಾಯಿ ಮಂಗಳೂರಿನವರು. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕರಾವಳಿಯ ಕನ್ನಡ. ಈ ಹಾಡುಗಳೆಂದರೆ ಅವರಿಗೂ ಆಶಾಳಿಗೂ ಹುಚ್ಚು. ಮೂರನೆಯ ಹುಚ್ಚರು ಆಶಾಳ ಶಾಲೆಯ ಸಂಗೀತದ ಮೇಷ್ಟರು ಮ್ವಾಂಗಿ. ಪಂಗಾನಿ ಬಡಾವಣೆಯಿಂದ ಮಟಾಟು ಹಿಡಿದು ಬಂದಿದ್ದರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಹಳೆಯ ಕೋಟು, ಕೈಯಲ್ಲಿ ನಮಗೆಂದು ತಂದ ಅರ್ಧ ಡಜನ್ ಆವಕಾಡೊ ಹಣ್ಣು.

ಆ ವರ್ಷದ ಹಾಡುಗಳಲ್ಲಿ ಗೋಡೆ, ಬಿಡುಗಡೆ, ಒಂದಾಗುವ ಯುರೋಪು ಎಂಬುದೇ ಜಾಸ್ತಿ. ಇದು ಹಾಡಿನ ಸ್ಪರ್ಧೆಯೋ ರಾಜಕೀಯದ ಭಾಷಣವೋ ಎಂದು ತನ್ನ ಗೆಳೆಯರೆಲ್ಲ ಜಗಳವಾಡುತ್ತಿದ್ದಾರೆ ಎಂದು ಲವೀನಾ ಬಾಯಿಯ ತಮ್ಮ ಬರೆದಿದ್ದ. ಜಗಳ ನಮ್ಮ ನಡುಮನೆಗೂ ಬಂತು.

"ಎಂತ ಮಾರಾಯ್ರೆ, ಗೋಡೆ ಬಿದ್ದದ್ದು ಸಣ್ಣ ಸಂಗತಿಯಾ? ನನಗೆ ಕೇಳುವಾಗ ಅಳುವೇ ಬಂತು. ಅದಕ್ಕೆ ಮಾರ್ಕು ಕೊಡದಿದ್ರೆ ಮತ್ತೆಂತದಕ್ಕೆ ಕೊಡುದು?" ಎಂದರು ಲವೀನಾ ಬಾಯಿ.

ಮ್ವಾಂಗಿ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ಗೋಡೆಗೆ ನನ್ನ ನಮಸ್ಕಾರ. ಆದರೆ ಈ ರಾಗ ಕೆಟ್ಟದಾಗಿದೆ. ಹಾಡನ್ನು ಹಾಡು ಅಂತಲೇ ತೂಗಬೇಕು."

ಆಶಾ ಕನ್ನಡ ಅರ್ಥ ಮಾಡಿಕೊಂಡರೂ ಉತ್ತರ ಕೊಡುವುದು ಇಂಗ್ಲಿಷಿನಲ್ಲೇ. ಬಿದ್ದ ಮೇಲೆ ಹಾಡುವುದೇನು ಮಹಾ, ನಿಂತಿರುವಾಗ ಹಾಡಬೇಕಿತ್ತು, ಹೇಡಿಗಳು ಎಂದು ರೇಗಿದಳು.

"ನಿಂತಿರುವಾಗ ಹಾಡಿದವರನ್ನು ಟೀವಿಯಲ್ಲಿ ತೋರಿಸುವುದಿಲ್ಲ, ಮಗೂ," ಎಂದರು ಮ್ವಾಂಗಿ.

ಭಾವ ಎದ್ದು ಹೋಗಿ ಕಿಟಕಿ ಮುಚ್ಚಿ, ಟೀವಿಯ ಸದ್ದು ಹೆಚ್ಚಿಸಿ ಬಂದು ಕೂತರು. ನನಗೆ ನಗು ಬಂತು. ಆಗ ಬಂದ ನಗುವಿಗೆ ಆಮೇಲೆ ಎಷ್ಟು ಅತ್ತೆನೋ!

ಪ್ರತಿ ವರ್ಷ ಅವರೆಲ್ಲ ಕೈ ಎತ್ತಿ ತಮ್ಮ ಮೆಚ್ಚಿನ ಹಾಡು ಆರಿಸುತ್ತಿದ್ದರು. ನನ್ನೊಳಗಿನ ಗುಮಾಸ್ತೆ ಎಚ್ಚರಗೊಂಡದ್ದು ಅಲ್ಲಿ. "ಕೈ ಎತ್ತೋದಾ? ಒಬ್ಬರ ಮುಖ ಒಬ್ಬರು ನೋಡ್ಕೊಂಡು ಎತ್ತೋದು ಎಲ್ಲಾದ್ರೂ ಉಂಟಾ? ಚೀಟಿ ಹಾಕಿ," ಎಂದೆ. ಆಶಾ ಅದನ್ನು ಹೇಳಿದಾಗ ಮ್ವಾಂಗಿ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ದನಿ ತಗ್ಗಿಸಿ, ಎರಡು ವರ್ಷದ ಕೆಳಗೆ ತಮ್ಮ ದೇಶದಲ್ಲಿ ಚುನಾವಣೆಗೇ ಚೀಟಿ ಇರಲಿಲ್ಲ, ಅಭ್ಯರ್ಥಿಯ ಫೋಟೋದ ಹಿಂದೆ ಎಲ್ಲರ ಕಣ್ಣೆದುರು ಸಾಲು ನಿಲ್ಲಬೇಕಿತ್ತು, ಉದ್ದ ಸಾಲಿನವರು ಸೋತು ಗಿಡ್ಡ ಸಾಲಿನವರು ಗೆದ್ದದ್ದೂ ಉಂಟು ಎಂದರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ನಾನು ಗೆರೆ ಹೊಡೆದು ಹಾಜರಿ ಪಟ್ಟಿಯನ್ನೂ ಮಾಡಿದೆ. ಕ್ರಮಸಂಖ್ಯೆ, ಹೆಸರು, ವಿಳಾಸ, ಬಂದ ವೇಳೆ, ಹೋದ ವೇಳೆ, ಸಹಿ. ಮೇಲೆ ತಾರೀಖು ಮತ್ತು ಸ್ಥಳ. ಸಹಿ ಹಾಕದವರಿಗೆ ಚೀಟಿ ಇಲ್ಲ ಎಂದು ಕೂತೆ. ಪರೀಕ್ಷಾ ಕೊಠಡಿಯಲ್ಲಿ ಹಾಗೆಯೇ ಅಲ್ಲವೇ? ಮ್ವಾಂಗಿಯ ಕೈಯಲ್ಲಿ ಪೆನ್ನು ಒಂದು ಗಳಿಗೆ ತಡೆಯಿತು. ಆಮೇಲೆ ನಗುತ್ತ ಪೂರ್ತಿ ಹೆಸರು ಬರೆದು, ಎರಡೂವರೆಗೆ ಬಂದೆ ಎಂದು ತುಂಬಿ ಸಹಿ ಹಾಕಿದರು; ಆರಕ್ಕೆ ಹೊರಡುವಾಗ ಆ ವೇಳೆಯನ್ನೂ ತುಂಬಿದರು. ಗೋಡೆಯ ಹಾಡು ಒಂದೇ ಒಂದು ಮತದಿಂದ ಸೋತಿತು. ಪಟ್ಟಿಯನ್ನೂ ಚೀಟಿಗಳನ್ನೂ ಲಕೋಟೆಗೆ ಹಾಕಿ ಅಂಟಿಸಿ ನನ್ನ ಪೆಟ್ಟಿಗೆಯಲ್ಲಿ ಇಟ್ಟೆ.

ಮಂಗಳವಾರ ಆಶಾ ಶಾಲೆಯಿಂದ ಬಂದಾಗ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಬೆಳಗ್ಗೆ ಇಬ್ಬರು ಕೋಟುಧಾರಿಗಳು ಬಿಳಿ ಕಾರಿನಲ್ಲಿ ಬಂದು ಮ್ವಾಂಗಿ ಮೇಷ್ಟರನ್ನು ತರಗತಿಯಿಂದಲೇ ಕರೆದುಕೊಂಡು ಹೋಗಿದ್ದರು. ಯಾಕೆ, ಎಲ್ಲಿಗೆ, ಒಬ್ಬರಿಗೂ ಗೊತ್ತಿರಲಿಲ್ಲ.

ಭಾವ ಬಾಗಿಲ ಚಿಲಕ ಹಾಕಿದರು. "ಆ ಲಕೋಟೆ ಎಲ್ಲಿ ಪದ್ಮಾ?"

"ಪೆಟ್ಟಿಗೇಲಿ ಇದೆ ಭಾವ. ಅದು ಬರೀ ಹಾಡಿನ..."

"ಪರವಾನಗಿ ಇಲ್ದೆ ಸೇರಿದ ಸಭೆ, ಗುಟ್ಟಿನ ಮತದಾನ, ಎಲ್ಲರ ಹೆಸರು, ವಿಳಾಸ, ಸಹಿ. ಪೊಲೀಸರು ಕೇಳೋದು ಇನ್ನೇನಮ್ಮ? ನೀನೇ ಬರ್ಕೊಟ್ಟಿದೀಯಲ್ಲ!"

ಸಹಿಯಾದ ದಾಖಲೆಯನ್ನು ಹರಿಯುವುದು ನಮ್ಮ ಕಚೇರಿಯಲ್ಲಿ ಕೆಲಸ ಹೋಗುವ ಅಪರಾಧ. ಆದರೂ ನಾನೇ ತಂದು ಕೊಟ್ಟೆ. ಕೆಲಸದವಳನ್ನು ಹಾಲು ತರಲು ಅಂಗಡಿಗೆ ಕಳಿಸಿ, ಹಿತ್ತಿಲಿನ ಇದ್ದಿಲ ಒಲೆಯಲ್ಲಿ ಭಾವ ಅದನ್ನು ಸುಟ್ಟರು. ಬೂದಿಯನ್ನು ಅಕ್ಕ ಗುಲಾಬಿ ಗಿಡದ ಬುಡಕ್ಕೆ ಹಾಕಿ ನೀರು ಹೊಯ್ದಳು. ಅಬ್ಬಾ ಎನಿಸಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮನುಷ್ಯ ಎಲ್ಲಿದ್ದಾರೋ ಎಂಬ ಯೋಚನೆ ಆಗ ನನಗೆ ಬರಲೇ ಇಲ್ಲ.

ಆಮೇಲಿನ ಎರಡು ದಿನ ಊರೇ ಬಿಗಿದುಕೊಂಡಂತಿತ್ತು. ಗೇಟಿನ ಕಾವಲಿನ ಮುದುಕ "ಸವಾ ಮಾಮಾ?" ಎಂದು ಕ್ಷೇಮ ಕೇಳಿದರೂ ನಾನು ಕೇಳಿಸದವಳಂತೆ ಒಳಗೆ ಹೋಗುತ್ತಿದ್ದೆ. ಅಲ್ಲಿ ಮಾಮಾ ಎಂದರೆ ತಾಯಿ. ಪಾಪ, ಅವನ ತಪ್ಪೇನಿತ್ತು?

ಗುರುವಾರ ನಾಲ್ಕು ಗಂಟೆಗೆ ಒಬ್ಬ ಹೆಂಗಸು ಬಂದರು. ಮ್ವಾಂಗಿಯ ಹೆಂಡತಿ ಗ್ರೇಸ್. ಕೂರಲಿಲ್ಲ. ಒಬ್ಬ ವಕೀಲರ ಮೂಲಕ ಸುದ್ದಿ ತಿಳಿದಿತ್ತು. ಕಳೆದ ಶನಿವಾರ ಮೂರರಿಂದ ಐದರವರೆಗೆ ಎಲ್ಲೋ ಸರ್ಕಾರದ ವಿರುದ್ಧ ಗುಟ್ಟಿನ ಸಭೆ ನಡೆಯಿತಂತೆ, ಅದರಲ್ಲಿ ಮ್ವಾಂಗಿ ಇದ್ದರು ಎಂಬುದು ಆರೋಪ. ಹಾಡು ನೋಡುತ್ತಿದ್ದೆ ಎಂದು ಅವರು ಹೇಳಿದರಂತೆ. ಯಾರ ಮನೆಯಲ್ಲಿ ಎಂದು ಕೇಳಿದರೆ ಮಾತ್ರ ಬಾಯಿ ಬಿಡುತ್ತಿಲ್ಲವಂತೆ.

"ನೀವಾಗಿಯೇ ಒಪ್ಪಿ ಕೊಡದ ಹೊರತು ನಿಮ್ಮ ಹೆಸರು ಎತ್ತಬೇಡ ಎಂದು ನನಗೂ ಹೇಳಿ ಕಳಿಸಿದ್ದಾರೆ," ಎಂದರು ಗ್ರೇಸ್. "ಇಂಡಿಯಾದ ಒಬ್ಬ ಮಾಮಾ ಹಾಡು ಕೇಳುವುದಕ್ಕೂ ಸಹಿ ಹಾಕಿಸಿಕೊಂಡರು ಎಂದು ಅವತ್ತು ಮನೆಗೆ ಬಂದು ನಕ್ಕಿದ್ದರು. ವೇಳೆಯೂ ಇದೆಯಂತೆ ಅದರಲ್ಲಿ. ಆ ಕಾಗದ ಕೊಡುತ್ತೀರಾ?"

ಅಕ್ಕ ಗುಲಾಬಿ ಗಿಡದ ಕಡೆ ನೋಡಿದಳು. ಭಾವ, ಅದು ಆಟದ ಕಾಗದ, ಕಸಕ್ಕೆ ಹೋಯಿತು ಎಂದರು. ಗ್ರೇಸ್ "ಅಸಾಂಟೆ" ಎಂದು ಹೊರಟರು. ಏನೂ ಕೊಡದಿದ್ದವರಿಗೆ ಅವರು ಕೃತಜ್ಞತೆ ಹೇಳಿ ಹೋದರು.

ಗೇಟು ಮುಚ್ಚಿದ್ದೇ ಆಶಾ ಅಪ್ಪನ ಮುಂದೆ ನಿಂತು, ನೀನೇ ಹೋಗಿ ಹೇಳು, ಸರ್ ಇಲ್ಲೇ ಇದ್ದರು ಎಂದು ಹೇಳು ಎಂದು ಕಿರುಚಿದಳು. ಮೊದಲ ಸಲ ಅವಳು ಕನ್ನಡದಲ್ಲಿ ಮಾತಾಡಿದ್ದು ಅಂದು: "ಅಪ್ಪಾ, ಹೇಳಪ್ಪಾ!" ಭಾವ ಎರಡೂ ಕೈಯಲ್ಲಿ ತಲೆ ಹಿಡಿದು ಕೂತರು. ಕೆಟ್ಟ ಮನುಷ್ಯರಲ್ಲ ಅವರು. ಲವೀನಾ ಬಾಯಿಯನ್ನು ಕೇಳಿದರೆ, "ನಮ್ಮವರ ಅಂಗಡಿ ಲೈಸೆನ್ಸ್ ಉಂಟಲ್ಲ ಪದ್ಮಕ್ಕ, ಎಂತ ಮಾಡುದು ಹೇಳಿ," ಎಂದು ಅತ್ತುಬಿಟ್ಟರು.

ಕಳೆದುಕೊಳ್ಳುವುದು ಏನೂ ಇಲ್ಲದಿದ್ದವಳು ನಾನೊಬ್ಬಳೇ. ಸೋಮವಾರ ಬೆಳಗ್ಗೆ ನನ್ನ ವಿಮಾನ. ಶನಿವಾರ ಕೂತು ಇಂಗ್ಲಿಷಿನಲ್ಲಿ ಒಂದು ಹೇಳಿಕೆ ಬರೆದೆ. ಇಂಥ ತಾರೀಖು, ಎರಡೂವರೆಯಿಂದ ಆರರವರೆಗೆ ಶ್ರೀ ಮ್ವಾಂಗಿ ನನ್ನ ಎದುರಿಗೇ ಕೂತು ಹಾಡಿನ ಸ್ಪರ್ಧೆ ನೋಡಿದರು, ಹಾಜರಿ ಪಡೆದವಳು ನಾನೇ. ಸ್ಥಳ ಎಂದು ಬರೆಯುವಷ್ಟರಲ್ಲಿ ಅಕ್ಕ ನನ್ನ ಕೈ ಹಿಡಿದಳು. "ಪದ್ಮಾ, ನಿನ್ನ ಕಾಲು ಹಿಡೀತೀನಿ ಕಣೇ. ನೀನು ಹೊರಟುಹೋಗ್ತೀಯ. ನಾವು ಇಲ್ಲೇ ಇರಬೇಕು." ನನಗಿಂತ ಎಂಟು ವರ್ಷ ದೊಡ್ಡವಳು, ನನ್ನನ್ನು ಎತ್ತಿ ಆಡಿಸಿದವಳು. ಪೆನ್ನು ಮುಚ್ಚಿದೆ.

ಭಾನುವಾರ ಬೆಳಗ್ಗೆ ಆ ಹೇಳಿಕೆಯನ್ನು ರವಿಕೆಯೊಳಗೆ ಇಟ್ಟುಕೊಂಡು ಒಬ್ಬಳೇ ಮಟಾಟು ಹತ್ತಿದೆ. ಎಡಕ್ಕೆ ಬಲಕ್ಕೆ ವಾಲುವ ಡಬ್ಬಿ ವ್ಯಾನು, ಕಿವಿ ಹರಿಯುವ ಸಂಗೀತ, ಐದು ಶಿಲಿಂಗ್. ಎದುರಿಗೆ ಕೂತು ಪತ್ರಿಕೆ ಓದುತ್ತಿದ್ದವನು ನನ್ನನ್ನೇ ನೋಡುತ್ತಿದ್ದಾನೆ ಎನಿಸಿತು. ನಾನು ಪಂಗಾನಿಯಲ್ಲಿ ಇಳಿದರೆ ಅವನೂ ಇಳಿದ. ರವಿಕೆಯೊಳಗಿನ ಕಾಗದ ಕೆಂಡವಾಯಿತು. ಅವನು ನೇರವಾಗಿ ಮಾಂಸದ ಅಂಗಡಿಗೆ ಹೋದ. ನಾನು ಒಂದು ಕಂಬ ಹಿಡಿದು ಸ್ವಲ್ಪ ಹೊತ್ತು ನಿಂತೆ.

ಆಶಾ ಚೀಟಿಯಲ್ಲಿ ಗುರುತು ಬರೆದುಕೊಟ್ಟಿದ್ದಳು. ನೀಲಿ ಬಾಗಿಲ ಎರಡು ಕೋಣೆಯ ಮನೆ. ಗೋಡೆಗೆ ಒರಗಿಸಿದ ಗಿಟಾರು, ಮೇಜಿನ ಮೇಲೆ ಮೇಷ್ಟರ ಕನ್ನಡಕ. ಕನ್ನಡಕವಿಲ್ಲದೆ ಅಲ್ಲಿ ಹೇಗಿದ್ದಾರೋ! ಗ್ರೇಸ್ ನನ್ನ ಕಾಗದವನ್ನು ಎರಡು ಸಲ ಓದಿದರು. ಅವರ ಕಣ್ಣು ಹೊಳೆದು, ಆಮೇಲೆ ಒಂದು ಕಡೆ ನಿಂತಿತು.

"ಮಾಮಾ, ಇಲ್ಲಿ ಸ್ಥಳ ಬರೆದಿಲ್ಲ."

ಪೆನ್ನು ತಂದು ನನ್ನ ಮುಂದಿಟ್ಟರು. ಕಾದರು. ಇಪ್ಪತ್ತೇಳು ವರ್ಷದಲ್ಲಿ ಒಂದು ಕಾಲಂ ಖಾಲಿ ಇದ್ದ ಅರ್ಜಿಯನ್ನು ನಾನು ಒಳಗೆ ತೆಗೆದುಕೊಂಡವಳಲ್ಲ. ಹಳ್ಳಿಯಿಂದ ಬಸ್ಸು ಹಿಡಿದು ಬಂದ ಮಕ್ಕಳನ್ನೂ ವಾಪಸ್ಸು ಕಳಿಸಿದ್ದೇನೆ. ಪೆನ್ನು ಹಿಡಿದೆ. ಅಕ್ಕನ ಕೈ ನೆನಪಾಯಿತು. ಪೆನ್ನು ಕೆಳಗಿಟ್ಟೆ. ಗ್ರೇಸ್ ಬೈಯಲಿಲ್ಲ. ಕಾಗದ ಮಡಿಸಿ ಗಿಟಾರಿನ ತಂತಿಗಳ ನಡುವೆ ಸಿಕ್ಕಿಸಿ, ನನಗೆ ಚಹಾ ಕೊಟ್ಟರು.

ಊರಿಗೆ ಬಂದು ಐದು ತಿಂಗಳಾಯಿತು. ಭಾವನ ಪರವಾನಗಿ ಮುಂದುವರಿಯಿತು. ಅಕ್ಕನ ಕಾಗದಗಳಲ್ಲಿ ಮಳೆ, ಆಶಾಳ ಪರೀಕ್ಷೆ, ರಾಗಿಯ ಬೆಲೆ ಎಲ್ಲ ಇರುತ್ತದೆ, ಮೇಷ್ಟರ ಹೆಸರಿರುವುದಿಲ್ಲ. ನಾನೂ ಕೇಳಿ ಬರೆದಿಲ್ಲ. ಕಾಗದ ಒಡೆದು ನೋಡುತ್ತಾರೆ ಎಂಬ ಅಂಜಿಕೆ ನನಗೂ ಅಂಟಿಕೊಂಡಿದೆ.

ಹೊರಟ ದಿನದ ಒಂದು ಮಾತು ಹೇಳದೆ ಬಿಟ್ಟಿದ್ದೇನೆ. ವಿಮಾನ ನಿಲ್ದಾಣದಲ್ಲಿ ದೇಶ ಬಿಡುವವರು ಒಂದು ಕಾರ್ಡು ತುಂಬಬೇಕು. ತುಂಬಿ ಕೊಟ್ಟೆ. ಕಿಟಕಿಯ ಹಿಂದಿದ್ದ ಅಧಿಕಾರಿ, ಚಿಕ್ಕ ವಯಸ್ಸಿನ ವಿನಯದ ಹುಡುಗಿ, ಕಾರ್ಡನ್ನು ನನ್ನ ಕಡೆ ತಿರುಗಿಸಿ, "ಮೇಡಂ, ಒಂದು ಕಾಲಂ ಖಾಲಿ ಇದೆ," ಎಂದು ಬೆರಳಿಟ್ಟು ತೋರಿಸಿದಳು. ಕೀನ್ಯಾದಲ್ಲಿ ಉಳಿದಿದ್ದ ವಿಳಾಸ. ಅಯ್ಯೋ ಮರೆತೆ ಎಂದು ಪೆನ್ನು ತೆಗೆದುಕೊಂಡೆ. ಮನೆ ನಂಬರು, ರಸ್ತೆ, ಹೈರಿಡ್ಜ್, ನೈರೋಬಿ, ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ದುಂಡಗೆ ಬರೆದೆ. ಕೈ ಒಂದಿಷ್ಟೂ ನಡುಗಲಿಲ್ಲ. ಅವಳು ಮುದ್ರೆ ಒತ್ತಿ ಕಾರ್ಡನ್ನು ಪೆಟ್ಟಿಗೆಗೆ ಹಾಕಿದ ಮೇಲೆ ನನಗೆ ಹೊಳೆಯಿತು, ಗ್ರೇಸ್ ಕೇಳಿದ್ದೂ ಅಷ್ಟೇ.