ಅಪ್ಪನ ಕರಿ ಮೋಟಾರು ಕುದ್ದ ಬೇಸಿಗೆ

ನಿಜಾಮರ ಕಾಲದ ನಾರಾಯಣಪೇಟೆಯಲ್ಲಿ ಬೆಳೆದ ನಮ್ಮ ವಾರಿಗೆಯವರು ನಾಲ್ಕು ಮಂದಿ ಕೂಡಿದರೆ ಸಾಕು, ಆಗಿನ ಮಂದಿ ಎಂಥವರು, ಆಗಿನ ಹೋಳಿಗೆಯ ರುಚಿ ಎಂಥದು, ಆಗಿನ ಗತ್ತು ಎಂಥದು ಎಂದು ಶುರುಮಾಡುತ್ತಾರೆ. ಹೋಳಿಗೆಯ ಮಟ್ಟಿಗೆ ನಾನೂ ಒಪ್ಪುತ್ತೇನೆ. ಗತ್ತಿನ ಮಾತು ಬಂದಾಗ ಎದ್ದು ಒಳಗೆ ಹೋಗಿಬಿಡುತ್ತೇನೆ. ಆ ಗತ್ತನ್ನು ನಾನು ತೀರ ಹತ್ತಿರದಿಂದ ಕಂಡವಳು. ಅದು ನಮ್ಮ ಮನೆಯ ಮುಂದೆ, ಬೇವಿನ ಮರದ ಕೆಳಗೆ, ನಾಲ್ಕು ಗಾಲಿಯ ಮೇಲೆ ನಿಂತಿರುತ್ತಿತ್ತು.

ನಮ್ಮಪ್ಪ ಸೀರೆ ವ್ಯಾಪಾರಿ. ಓಣಿಯ ಮಗ್ಗಗಳಲ್ಲಿ ನೇಯಿಸಿದ ಸೀರೆಗಳನ್ನು ರಾಯಚೂರಿಗೂ ಗದ್ವಾಲಕ್ಕೂ ಕಳಿಸುತ್ತಿದ್ದ. ನನಗೆ ಹತ್ತು ವರ್ಷವಾಗಿದ್ದಾಗ, ಯಾರೋ ಜಾಗೀರದಾರರ ದೇವಡಿಯವರು, ಅಂದರೆ ದೊಡ್ಡಮನೆಯವರು, ಹಳೆಯದಾಯಿತೆಂದು ಹೊರಗೆ ಹಾಕಿದ ಮೋಟಾರನ್ನು ಮನೆಗೆ ತಂದ. ನಾಲ್ಕು ಬಾಗಿಲು, ಮೇಲೆ ತಗಡಿನ ಛಾವಣಿ, ಕರಿ ಬಣ್ಣ. ಒಳಗೆ ಕೂತರೆ ಹಳೆಯ ಚರ್ಮ, ಪೆಟ್ರೋಲು, ಯಾರೋ ಎಂದೋ ಚೆಲ್ಲಿದ ಅತ್ತರು, ಎಲ್ಲ ಬೆರೆತು ತಲೆ ತಿರುಗುವಂಥ ವಾಸನೆ. ದೇವಡಿಯವರು ಅದನ್ನು ಊರಾಚೆಗೆ ಒಯ್ಯಲು ಹೆದರುತ್ತಿದ್ದರಂತೆ. ಅಪ್ಪ ಹೆದರಲಿಲ್ಲ. ಹೆದರಲಿಕ್ಕೂ ಒಂದಿಷ್ಟು ತಿಳಿವಳಿಕೆ ಬೇಕಾಗುತ್ತದೆ.

ಮೋಟಾರು ಸಾಕುವುದೆಂದರೆ ಅದನ್ನು ಒರೆಸುವುದು ಎಂದು ಅವನು ತಿಳಿದಿದ್ದ. ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಅದರ ದೀಪಗಳನ್ನು ಒರೆಸುವನು, ಅದೂ ರೇಷ್ಮೆಯ ತುಂಡಿನಿಂದ. ಒಂದು ದಿನ ಹಿಂದಿನ ಓಣಿಯ ಮುದುಕ ನೇಕಾರ ಮಲ್ಲಪ್ಪ ಸೀರೆ ಕೊಡಲು ಬಂದ. ತಾನು ನೇಯ್ದ ಸೆರಗು ಅಪ್ಪನ ಕೈಯಲ್ಲಿ ಗಾಲಿಯ ಧೂಳು ತೆಗೆಯುತ್ತಿದ್ದುದನ್ನು ಕಂಡು ಅಲ್ಲೇ ನಿಂತ.

"ಡಾಗ ಬಿದ್ದ ಮಾಲು ಬಿಡೋ ಮಲ್ಲಪ್ಪ, ಮಾರಾಕ ಬರಂಗಿಲ್ಲ," ಎಂದ ಅಪ್ಪ.

ಮಲ್ಲಪ್ಪ ಸೀರೆಯ ಗಂಟನ್ನು ಕಟ್ಟೆಯ ಮೇಲಿಟ್ಟು ಹೋದ. ಅವನು ಒಪ್ಪಿದನೆಂದೇ ಅಪ್ಪ ತಿಳಿದ.

ಒಳಗಿನ ಯಂತ್ರವನ್ನು ಕೇಳುವವರಿರಲಿಲ್ಲ. ಹಿಂದಿನ ಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು. ಅದಕ್ಕೆ ಎಮ್ಮೆಯ ಹಗ್ಗ ಕಟ್ಟಿದ್ದ. ಮೂತಿಗೆ ಹ್ಯಾಂಡಲ್ ತೂರಿಸಿ ಗರಗರ ತಿರುಗಿಸಿದರೂ ಗಾಡಿ ಚಾಲೂ ಆಗದಿದ್ದರೆ ಮೊದಲು ಪೆಟ್ರೋಲಿಗೆ ಬಯ್ಯುವನು, ಆಮೇಲೆ ಹವೆಗೆ, ಕೊನೆಗೆ ನಮಗೆ. "ನೀವು ಹಿಂದ ಕುಂತು ಅಲ್ಲಾಡತೀರಿ, ಅದಕ್ಕ ಹಿಂಗ ಆಗತೈತಿ," ಎನ್ನುವನು.

ಇವೆಲ್ಲಕ್ಕಿಂತ ದೊಡ್ಡ ಬೇನೆ ಕುದಿಯುವುದು. ಏಳೆಂಟು ಮೈಲಿ ಓಡಿತೆಂದರೆ ಮುಂದಿನ ನೀರಿನ ಡಬ್ಬಿಯಿಂದ ಬುಸ್ಸೆಂದು ಹಬೆ ಏಳುತ್ತಿತ್ತು. ಅಪ್ಪನಿಗೆ ಗೊತ್ತಿದ್ದ ಔಷಧ ಒಂದೇ, ಇನ್ನಷ್ಟು ನೀರು ಹಾಕುವುದು. ನಮ್ಮ ಹಿತ್ತಲ ಬಾವಿಯ ಸವಳು ನೀರನ್ನೇ ಎರಡು ಕೊಡ ತುಂಬಿಸಿ ಗಾಡಿಯಲ್ಲಿಟ್ಟುಕೊಳ್ಳುತ್ತಿದ್ದ. ಆ ನೀರಿನಲ್ಲಿ ಬೇಳೆ ಕೂಡ ಬೇಯುತ್ತಿರಲಿಲ್ಲ.

ಒಮ್ಮೆ ಅವ್ವ ಹೊಸ್ತಿಲಲ್ಲಿ ನಿಂತು ಹೇಳಿದಳು: "ಆ ಸವಳ ನೀರು ಹಾಕಬ್ಯಾಡ್ರಿ. ನಮ್ಮ ಬಚ್ಚಲ ಹಂಡ್ಯಾಗ ಸುಣ್ಣ ಕಟ್ಟತೈತಲ್ಲ, ಹಂಗ ಅದರ ಹೊಟ್ಟ್ಯಾಗೂ ಕಟ್ಟಿರತೈತಿ. ನೀರು ಆಡಾಕ ಹಾದಿ ಇಲ್ಲದ ಕುದೀತೈತಿ."

ಅಪ್ಪ ನಕ್ಕ. ಅಷ್ಟಕ್ಕೇ ಬಿಡಲಿಲ್ಲ. ಆ ವಾರವೆಲ್ಲ ಅಂಗಡಿಗೆ ಬಂದವರಿಗೆ ಅದನ್ನೇ ಹೇಳಿದ. "ಕೇಳ್ರಿ ಇಲ್ಲಿ, ನಮ್ಮ ಮನ್ಯಾಗಿನವರಿಗೆ ಮೋಟಾರಂದ್ರ ಬಚ್ಚಲ ಹಂಡೆ ಅಂತ!" ಬಂದವರು ತೊಡೆ ತಟ್ಟಿ ನಗುತ್ತಿದ್ದರು. ಅವರಲ್ಲಿ ಒಬ್ಬನಾದರೂ ಮೋಟಾರಿನ ಬಾನೆಟ್ಟು ಎತ್ತಿ ನೋಡಿದವನಲ್ಲ. ನಾನೂ ನಕ್ಕೆ. ಅಪ್ಪನ ಪಕ್ಕದಲ್ಲಿ ನಿಂತು ನಗುವುದು ಆಗ ನನಗೆ ದೊಡ್ಡಸ್ತಿಕೆ ಎನಿಸುತ್ತಿತ್ತು.

ಆ ಬೇಸಿಗೆಯಲ್ಲಿ, ಬೆಳಗಿನ ಹೊತ್ತು, ಗದ್ವಾಲದಿಂದ ಸೋದರಮಾವನ ಆಳು ಬಂದ. ಅಜ್ಜಿಗೆ, ಅಂದರೆ ಅವ್ವನ ತಾಯಿಗೆ, ಹುಷಾರಿಲ್ಲ. ಎರಡು ದಿನದಿಂದ ಮಗಳನ್ನೇ ಕೇಳುತ್ತಿದ್ದಾಳೆ ಎಂದ. ಆ ಅಜ್ಜಿಯ ಮನೆಗೆ ನಾವು ಪ್ರತಿ ಬೇಸಿಗೆಯೂ ಹೋಗುತ್ತಿದ್ದೆವು. ಹುರಿದ ಶೇಂಗಾದ ಜೊತೆಗೆ ಬೆಲ್ಲದ ಹೆಂಟೆ ಮಡಿಲಿಗೆ ಸುರಿಯುವಳು. ಮಧ್ಯಾಹ್ನ ಪಡಸಾಲೆಯ ಬಂಡೆಯ ಮೇಲೆ ಸುಣ್ಣದಲ್ಲಿ ಮನೆ ಬರೆದು ನನ್ನೊಡನೆ ಚೌಕಾಬಾರ ಆಡುವಳು, ಸೋತರೆ ಕವಡೆಗಳನ್ನು ಸೆರಗಿನಲ್ಲಿ ಬಚ್ಚಿಟ್ಟು ಜಗಳ ತೆಗೆಯುವಳು.

ಅವ್ವ ಅರ್ಧ ಗಳಿಗೆಯಲ್ಲಿ ಗಂಟು ಕಟ್ಟಿದಳು. "ಬಸ್ಸು ಬರೂ ಹೊತ್ತಾತು. ಮಕ್ತಲದಾಗ ಇಳದು ಬಂಡಿ ಮಾಡಿಕೊಂಡ್ರ, ಹೊತ್ತು ಮುಣಗೂದ್ರಾಗ ಹೊಳಿ ದಾಟತೀವಿ," ಎಂದಳು. ಗದ್ವಾಲಕ್ಕೆ ಹೋಗಲು ಕೃಷ್ಣೆಯನ್ನು ಹರಿಗೋಲಿನಲ್ಲಿ ದಾಟಬೇಕಾಗಿತ್ತು.

"ಬಾಗಿಲಾಗ ಮೋಟಾರು ಇಟಗೊಂಡು ನನ್ನ ಹೇಣತಿ ಬಸ್ಸಿನಾಗ ಹೋಗಬೇಕೇನು?" ಎಂದ ಅಪ್ಪ. "ಮಂದಿ ಏನಂದಾರು? ಹೊಳಿ ದಂಡಿತನಕ ನಾನೇ ಬಿಡತೀನಿ. ಮಧ್ಯಾಹ್ನಕ್ಕ ಮುಟ್ಟತೀವಿ."

ಅವ್ವ ನನ್ನ ಕೈ ಹಿಡಿದು, "ನಡಿಯವ್ವ, ನಾವಿಬ್ರೂ ಬಸ್ಸಿಗೆ ಹೋಗೂಣು," ಎಂದಳು.

ನಾನು ಕೈ ಬಿಡಿಸಿಕೊಂಡೆ. ಓಣಿಯ ಹುಡುಗಿಯರೆಲ್ಲ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು. "ನಾ ಬಸ್ಸಿಗೆ ಒಲ್ಲೆ, ಮೋಟಾರಿನಾಗೇ ಬರತೀನಿ," ಎಂದು ಓಡಿಹೋಗಿ ಮುಂದಿನ ಸೀಟಿನಲ್ಲಿ ಕೂತೆ. ಅವ್ವ ಬಸ್ಸಿನ ರಸ್ತೆಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. ಆಮೇಲೆ ಬಂದು ಹಿಂದೆ ಕೂತಳು.

ಊರು ದಾಟಿ ಎಂಟು ಮೈಲಿಗೆ ಗಾಡಿ ಕುದಿಯಿತು. ತಣ್ಣಗಾಗಲಿ ಎಂದು ಜಾಲಿಯ ನೆರಳಲ್ಲಿ ಕೂತಿದ್ದಾಗ ಬಸ್ಸು ನಮ್ಮನ್ನು ದಾಟಿ ಹೋಯಿತು. ಅದರ ಧೂಳು ಇಳಿಯುವವರೆಗೆ ಅವ್ವ ಆ ಕಡೆಗೇ ನೋಡುತ್ತಿದ್ದಳು. ಮಕ್ತಲ ಮುಟ್ಟುವಷ್ಟರಲ್ಲಿ ಇನ್ನೊಂದು ಸಲ ಕುದಿಯಿತು. ಮಕ್ತಲದ ಬಜಾರಿನಲ್ಲಿ ಗಾಡಿ ತನ್ನಷ್ಟಕ್ಕೆ ನೆಟ್ಟಗೆ ಓಡುತ್ತಿತ್ತು. ಅಲ್ಲಿ ಅಪ್ಪನೇ ನಿಲ್ಲಿಸಿದ. ಪರಿಚಯದ ಕಿರಾಣಿ ಸಾಹುಕಾರನ ಅಂಗಡಿಯ ಮುಂದೆ ಮೂರು ಸಲ ಹಾರ್ನ್ ಒತ್ತಿ, ಇಳಿದು, ಚಹಾ ತರಿಸಿಕೊಂಡು, ಗಾಡಿಯ ಸುತ್ತ ಅವನನ್ನು ಓಡಾಡಿಸಿದ. ತಾಯಿಯನ್ನು ನೋಡಲು ಹೊರಟ ಹೆಂಗಸು ಒಳಗೆ ಬಿಸಿಲಿಗೆ ಬೇಯುತ್ತ ಕೂತಿದ್ದಾಳೆಂಬುದು ಅಪ್ಪನಿಗೆ ನೆನಪಿದ್ದಂತೆ ಕಾಣಲಿಲ್ಲ. ನಾನು ಹಾರ್ನಿನ ರಬ್ಬರು ಒತ್ತಿ ಒತ್ತಿ ಬಜಾರಿನ ಮಂದಿಯನ್ನು ನೋಡುತ್ತಿದ್ದೆ.

ಮಕ್ತಲ ದಾಟಿ ಹೊಳೆಯ ದಾರಿ ಹಿಡಿದ ಸ್ವಲ್ಪ ಹೊತ್ತಿಗೆ ಮತ್ತೆ ಹಬೆ ಎದ್ದಿತು. ಈ ಸಲ ಅಪ್ಪನಿಗೆ ತಾಳ್ಮೆ ಇರಲಿಲ್ಲ. "ತಡೀರಿ, ಆರಲಿ," ಎಂದು ಅವ್ವ ಅನ್ನುತ್ತಿದ್ದಂತೆಯೇ ಮುಚ್ಚಳ ತಿರುಗಿಸಿದ. ಕುದಿಯುವ ನೀರು ಚಿಮ್ಮಿ ಅವನ ಬಲಗೈಯೆಲ್ಲ ಸುಟ್ಟಿತು. ಸಾಹುಕಾರನೆನಿಸಿಕೊಂಡ ಅಪ್ಪ ರಸ್ತೆಯಲ್ಲೇ ಕುಸಿದು ಕೂತು ಅತ್ತ. ಅವ್ವ ಸೀರೆಯ ಅಂಚು ಹರಿದು, ಕೊಡದ ನೀರಿನಲ್ಲಿ ತೋಯಿಸಿ ಕೈಗೆ ಸುತ್ತಿದಳು.

ಅಷ್ಟರಲ್ಲಿ ಜೋಳದ ಒಣ ಸೊಪ್ಪೆ ಹೇರಿಕೊಂಡ ಎತ್ತಿನ ಬಂಡಿಯೊಂದು ಬಂತು. ಅವ್ವ ಅದನ್ನು ನಿಲ್ಲಿಸಿದಳು. "ಅಣ್ಣಾ, ಹೊಳಿ ದಂಡಿಗೆ ಬಿಡತೀಯೇನು? ನಮ್ಮವ್ವಗ ಜಡ್ಡು ಐತಿ."

"ಏ, ಸಾಹುಕಾರನ ಹೇಣತಿ ಸೊಪ್ಪಿ ಬಂಡಿ ಹತ್ತೂದೇನು!" ಎಂದು ಅಪ್ಪ ಅಳುತ್ತಲೇ ಕೂಗಿದ. ಅವ್ವ ಹತ್ತಿದಳು. ಈ ಸಲ ನಾನೂ ಹತ್ತಿದೆ. ನಾಚಿಕೆಯಿಂದಲ್ಲ, ಹಸಿವೆಯಾಗಿತ್ತು.

ನಾವು ದಂಡೆಗೆ ಮುಟ್ಟಿದಾಗ ಸೂರ್ಯ ಮುಳುಗಿದ್ದ. ಅಂಬಿಗ ಹರಿಗೋಲನ್ನು ಮರಳ ಮೇಲೆ ಕವುಚಿ ಹಾಕುತ್ತಿದ್ದ. ಅವ್ವ ಅವನಿಗೆ ಕೈ ಮುಗಿದಳು.

"ಕುದರದಮ್ಮಾ," ಆಗುವುದಿಲ್ಲ ಎಂದು ತೆಲುಗಿನಲ್ಲಿ ಅಂದವನು, ಆಮೇಲೆ ನಮ್ಮ ಮಾತಿಗೆ ಬಂದ. "ಹೊತ್ತು ಮುಣಗಿದ ಮ್ಯಾಲ ನೀರಾಗಿನ ಕಲ್ಲು ಕಾಣಂಗಿಲ್ಲರಿ. ಒಂದೀಟು ಮೊದಲ ಬಂದಿದ್ರ ದಾಟಸ್ತಿದ್ದೆ. ಬಸ್ಸಿನ ಮಂದಿ ಆಗಲೇ ದಾಟಿದ್ರು."

ರಾತ್ರಿ ದಂಡೆಯಲ್ಲೇ ಕಳೆದು, ಮರುದಿನದ ಮೊದಲ ಹರಿಗೋಲಿಗೆ ದಾಟಿ, ಆಚೆ ಬಂಡಿ ಹಿಡಿದು ಗದ್ವಾಲ ಸೇರಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಮಾವನ ಮನೆಯ ಮುಂದೆ ಗಂಡಸರು ಕಾಲು ತೊಳೆದುಕೊಳ್ಳುತ್ತಿದ್ದರು. ಮಣ್ಣು ಮಾಡಿ ಬಂದವರು.

ಮಾವ ಅವ್ವನ ತಲೆಯ ಮೇಲೆ ಕೈಯಿಟ್ಟ. "ನಿನ್ನಿ ನಡುರಾತ್ರಿತನಕ ಕೇಳಿದಳವ್ವಾ, 'ಗೌರಿ ಬಂದಳೇನು' ಅಂತ. ಬಸ್ಸಿನವರು ಬಂದ್ರಂದಾಗ ತಲಿ ಎತ್ತಿ ಬಾಗಿಲ ಕಡೆ ನೋಡಿದಳು. ಮುಂಜಾನೆ ಎಷ್ಟೋ ಹೊತ್ತು ಕಾದ್ವಿ. ಈ ಬಿಸಿಲಾಗ ಇನ್ನ ಇಡಾಕ ಆಗಲಿಲ್ಲ."

"ಮೋಟಾರಿನಾಗ ಬಂದ್ವಿ ಅಣ್ಣಾ," ಎಂದಳು ಅವ್ವ. "ಅದಕ್ಕ ತಡ ಆತು."

ಅವ್ವನ ಬಾಯಿಂದ ಅಷ್ಟು ಕಹಿಯಾದ ಮಾತನ್ನು ನಾನು ಅದಕ್ಕಿಂತ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಅಜ್ಜಿಯ ದಿನಕರ್ಮಗಳೆಲ್ಲ ಮುಗಿದ ಮೇಲೆ ನಾವಿಬ್ಬರೂ ಬಸ್ಸಿನಲ್ಲಿ ಊರಿಗೆ ಬಂದೆವು. ಎತ್ತು ಕಟ್ಟಿ ಎಳೆಸಿ ತಂದ ಮೋಟಾರು ಬೇವಿನ ಕೆಳಗೆ ನಿಂತಿತ್ತು. ರಾಯಚೂರಿನಿಂದ ಬಂದ ಮೋಟಾರು ರಿಪೇರಿಯ ಉಸ್ತಾದನೊಬ್ಬ, "ಇಂಜಿನ್ ಖತಂ ಸೇಠ್, ಪೂರಾ ಬಿಚ್ಚಬೇಕು," ಎನ್ನುತ್ತಿದ್ದ. ಕೈಗೆ ಬಟ್ಟೆ ಸುತ್ತಿಕೊಂಡ ಅಪ್ಪ ತಲೆಯಾಡಿಸುತ್ತಿದ್ದ. ಅವ್ವ ಗಂಟನ್ನು ಕಟ್ಟೆಯ ಮೇಲಿಟ್ಟವಳೇ ನೆಟ್ಟಗೆ ಅಲ್ಲಿಗೆ ಹೋದಳು.

"ಅದರ ನೀರಿನ ಡಬ್ಬಿ ಬಿಚ್ಚು ಉಸ್ತಾದ್."

ಅವನು ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡಿದ. ಡಬ್ಬಿ ಇಳಿಯಿತು. ಒಳಗೆ ಬೆರಳ ದಪ್ಪ ಸುಣ್ಣ ಕಟ್ಟಿತ್ತು. ಅವ್ವ ಹುಣಸೆಹಣ್ಣಿನ ನೀರನ್ನು ಹಂಡೆಯಲ್ಲಿ ಕುದಿಸಿ, ಮೂರು ದಿನ ಡಬ್ಬಿಯೊಳಗೆ ಹೊಯ್ಯಿಸಿ ಹೊರಗೆ ಸುರಿಸಿದಳು. ಬಿಳಿ ಚಕ್ಕೆಗಳು ಬೊಗಸೆಗಟ್ಟಲೆ ಬಿದ್ದವು. ಡಬ್ಬಿಯನ್ನು ಮತ್ತೆ ಕೂಡಿಸಿದ ಮೇಲೆ ಸಿಹಿನೀರ ಬಾವಿಯ ನೀರು ಮಾತ್ರ ಹಾಕಬೇಕೆಂದು ಹೇಳಿಸಿದಳು. ಆಮೇಲೆ ಆ ಮೋಟಾರು ಒಂದು ಸಲವೂ ಕುದಿಯಲಿಲ್ಲ.

ಮುಂದಿನ ವಾರ ಅಂಗಡಿಯಲ್ಲಿ ಅಪ್ಪ ಹೇಳುತ್ತಿದ್ದುದು ನನ್ನ ಕಿವಿಗೇ ಬಿತ್ತು: "ಉಸ್ತಾದನಿಗೂ ತಿಳೀಲಿಲ್ಲ ನೋಡ್ರಿ. ನಾನೇ ವಿಚಾರ ಮಾಡಿ ಕಂಡುಹಿಡಿದೆ." ಆ ಹೊತ್ತಿನಿಂದ ಅವನ ಮೇಲೆ ನನಗೆ ಹುಟ್ಟಿದ ತಿರಸ್ಕಾರ ಅವನು ಸತ್ತ ಮೇಲೂ ಹೋಗಿಲ್ಲ. ಹೋಗಲೆಂದು ನಾನು ಪ್ರಯತ್ನಿಸಿಯೂ ಇಲ್ಲ.

ಅವ್ವ ಮತ್ತೆಂದೂ ಆ ಗಾಡಿಯಲ್ಲಿ ಕೂರಲಿಲ್ಲ. ಒಮ್ಮೆ ಅಕ್ಕಿ ಆರಿಸುತ್ತ ಕೂತಿದ್ದವಳನ್ನು ನಾನೇ ಕೇಳಿದೆ: "ಮತ್ತ ಅದನ್ನ ಯಾಕ ಸರಿ ಮಾಡಿದಿ ಅವ್ವಾ?"

"ಇನ್ನೊಬ್ಬಾಕಿ ಯಾರಾರ ಅದರಾಗ ತವರಿಗೆ ಹೋಗಬಹುದು," ಎಂದಳು, ಕೈ ನಿಲ್ಲಿಸದೆ.

ನಾನು ಕೈ ಬಿಡಿಸಿಕೊಂಡು ಓಡಿದ ಮಾತನ್ನು ಅವಳು ಸಾಯುವವರೆಗೆ ಎತ್ತಲಿಲ್ಲ. ಎತ್ತಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆನೇನೋ. ಗದ್ವಾಲದ ಬೇಸಿಗೆಗಳೂ ಅಲ್ಲಿಗೇ ಮುಗಿದವು. ರಾಜ್ಯ ಹೋಯಿತು, ದೇವಡಿಗಳು ಬಿದ್ದವು, ಹೊಳೆಗೆ ಅಣೆಕಟ್ಟು ಬಂತು, ಹರಿಗೋಲು ಹೋಯಿತು. ಅವುಗಳಿಗಾಗಿ ಮರುಗುವವರು ಮರುಗಲಿ. ನಾನು ಕಳೆದುಕೊಂಡದ್ದು ಅಷ್ಟು ದೊಡ್ಡದಲ್ಲ. ಆ ಮೋಟಾರನ್ನು ಕಣ್ಣು ಮುಚ್ಚಿ ಈಗಲೂ ಬರೆದು ತೋರಿಸಬಲ್ಲೆ, ದೀಪದ ಗಾಜಿನ ಬಿರುಕು ಸಹಿತ. ಅಜ್ಜಿಯ ಮುಖ ಮಾತ್ರ ಎಷ್ಟು ಕೂತು ನೆನೆದರೂ ಬರುವುದಿಲ್ಲ.