ಬಾಟಲಿಯ ಮೇಲಿನ ಮುಖ

ಮುದಿ ಮೀನುಗಾರ ಪೊಕ್ ದರಮಾನ್ ವಿಶ್ವವಿದ್ಯಾಲಯದ ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವನೇ ಒಂದು ಬಾಟಲಿಯನ್ನು ಸಂಶೋಧಕಿ ಜವಿಯಾಳ ಮೇಜಿನ ಮೇಲೆ ಕುಕ್ಕಿದ.

"ಇದು ನೀನೇ ತಾನೆ?"

ಲೇಬಲ್ಲಿನ ಮೇಲೆ ಅವಳದೇ ಮುಖ. ಯಾವುದೋ ವಿಚಾರ ಸಂಕಿರಣದಲ್ಲಿ ತೆಗೆದ ಫೋಟೊ, ನೀಲಿ ತಲೆವಸ್ತ್ರ, ಹಲ್ಲು ಕಾಣುವ ನಗು. ಕೆಳಗೆ ದಪ್ಪ ಅಕ್ಷರದಲ್ಲಿ: 'ನ್ಯಾನೊ ಲಿಚಿನ್. ವಿಜ್ಞಾನಿಯ ಭರವಸೆ. ಎಂಜಿನ್ ಇನ್ನು ಸವೆಯದು.'

"ಮತ್ ಲಾಜಿಮ್ ಮಗಳು, ನಮ್ಮೂರು ಮಾರಾಂಗ್ ಹುಡುಗಿ, ಸುಳ್ಳು ಹೇಳ್ತಾಳಾ ಅಂತ ಎಂಜಿನ್ ಆಯಿಲ್‌ಗೆ ಸುರಿದೆ" ಎಂದ ಮುದುಕ. "ನಡು ಕಡಲಲ್ಲಿ ಎಂಜಿನ್ ಜಾಮ್ ಆಗೋಯ್ತು. ದೋಣೀಲಿ ನನ್ನ ಅಳಿಯ ಇದ್ದ. ಗಾಳಿ ಎತ್ತ ಬೇಕೋ ಅತ್ತ ಎಳ್ಕೊಂಡು ಹೋಯ್ತು. ಬೇರೆ ದೋಣಿಯವರ ಕಣ್ಣಿಗೆ ಬೀಳದೆ ಇದ್ದಿದ್ರೆ ಇವತ್ತು ನಾನು ಬಾಟಲಿ ಹಿಡ್ಕೊಂಡು ಬರ್ತಿರಲಿಲ್ಲ, ಹೆಣ ಹುಡುಕ್ತಿದ್ದೆ."

ಜವಿಯಾ ಬಾಟಲಿಯನ್ನು ಕೈಗೆತ್ತಿಕೊಂಡಳು. ಅವಳ ಯೌವನವೆಲ್ಲ ಈ ಕೆಲಸಕ್ಕೇ ಸವೆದಿತ್ತು. ತಾಳೆ ಎಣ್ಣೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಪುಡಿ ಬೆರೆಸುವುದು. ಉಜ್ಜಿಕೊಳ್ಳುವ ಉಕ್ಕಿನ ಗೀರುಗಳಲ್ಲಿ ಆ ಕಣಗಳು ಕೂತು, ಘರ್ಷಣೆ ಎಷ್ಟು ಇಳಿಯುತ್ತದೆಂದು ಅಳೆಯುವುದು. ಇಳಿಯುತ್ತಿತ್ತು, ಅದು ನಿಜ. ಆದರೆ ಕಣಗಳು ಎಣ್ಣೆಯಲ್ಲಿ ಬಿಡಿಬಿಡಿಯಾಗಿ ತೇಲುತ್ತಿರಬೇಕು. ನಾಲ್ಕು ದಿನ ಸುಮ್ಮನಿಟ್ಟರೆ ಒಂದಕ್ಕೊಂದು ಅಂಟಿ, ಗಂಟಾಗಿ, ತಳಕ್ಕೆ ಇಳಿದುಬಿಡುತ್ತಿದ್ದವು. ಆ ಗಂಟು ಎಣ್ಣೆಯ ದಾರಿಗೇ ಅಡ್ಡ ಕೂರುತ್ತದೆ, ಬೇರಿಂಗನ್ನು ಮರಳುಕಾಗದದಂತೆ ತಿನ್ನುತ್ತದೆ. ಇದಕ್ಕಿನ್ನೂ ಉಪಾಯ ಸಿಕ್ಕಿಲ್ಲ ಎಂದು ಅವಳು ಸಭೆ ಸಭೆಯಲ್ಲೂ ಹೇಳಿದ್ದಳು.

ಬಾಟಲಿ ಹಿಡಿದು ಅವಳು ನೇರ ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಕಮರುಜಿಯ ಕೋಣೆಗೆ ನುಗ್ಗಿದಳು.

"ನನ್ನ ಮುಖ ಮಾರೋಕೆ ನಿಮಗ್ಯಾರು ಹೇಳಿದ್ರು ಪ್ರೊಫ್?"

"ಕೂತ್ಕೋ ಜವಿಯಾ, ಟೀ ಕುಡಿ. ಈ ಬಾಟಲಿ ಮಾರೋ ಕಂಪನಿಯವರು ನಮ್ಮ ವಿಭಾಗಕ್ಕೆ ಎಷ್ಟು ಸಹಾಯ ಮಾಡ್ತಿದಾರೆ ಅಂತ ನಿಂಗೂ ಗೊತ್ತು. ಚೆನ್ನಾಗಿ ಅಲ್ಲಾಡಿಸಿ ಹಾಕಿ ಅಂತ ಬಾಟಲಿ ಮೇಲೆ ಬರ್ದೂ ಇದಾರಲ್ಲ?"

"ಹಾಕಿದ ಮೇಲೆ? ಕಟ್ಟೇಲಿ ನಿಂತಿರೋ ದೋಣೀನ ದಿನಾ ಬೆಳಗ್ಗೆ ಎತ್ತಿ ಅಲ್ಲಾಡಿಸ್ಬೇಕಾ?"

ಆತ ನಕ್ಕ. ಆ ನಗುವೇ ಅವಳ ಮೈಗೆ ಬೆಂಕಿ ಇಟ್ಟಿತು. ಇನ್ನೊಂದು ಮಾತಾಡಿದರೆ ಆ ಟೀ ಲೋಟ ಅವನ ಅಂಗಿಯ ಮೇಲೇ ಬೀಳುತ್ತದೆ ಎನ್ನಿಸಿ ಎದ್ದು ಬಂದಳು.

ಆ ವಾರ ಮಾರಾಂಗಿನ ಸಂತೆಗೆ ಅವಳೇ ಹೋದಳು. ದೋಣಿಕಟ್ಟೆಯ ಪಕ್ಕ, ಕೆರೊಪೊಕ್ ಎಂಬ ಮೀನಿನ ಹಪ್ಪಳ ಕರಿಯುವ ಬಾಣಲೆಗಳ ನಡುವೆ ಕಂಪನಿಯ ಮೇಜು. ಟೈ ಕಟ್ಟಿದ ಮಾರಾಟಗಾರ ತಿರುಗುವ ಚಕ್ರಕ್ಕೆ ಕಬ್ಬಿಣದ ತುಂಡು ಒತ್ತಿ ಹಿಡಿದಿದ್ದ. ಬರೀ ಎಣ್ಣೆಯಲ್ಲಿ ಚಕ್ರ ಕಿರುಚಿ ನಿಂತಿತು; ನ್ಯಾನೊ ಲಿಚಿನ್ ಬಿಟ್ಟೊಡನೆ ಸರಾಗವಾಗಿ ತಿರುಗಿತು. ಜನ ಹೋ ಎಂದರು.

"ಈಗಷ್ಟೇ ಅಲ್ಲಾಡಿಸಿದ್ದೀಯ, ತಿರುಗದೆ ಏನು!" ಎಂದು ಜವಿಯಾ ಗುಂಪು ಸೀಳಿ ಮುಂದೆ ಬಂದಳು. ಮೇಜಿನಡಿಯ ಪೆಟ್ಟಿಗೆಯಿಂದ ಒಂದು ಬಾಟಲಿ ಮೆಲ್ಲಗೆ ಎತ್ತಿ, ಎಣ್ಣೆಯನ್ನೆಲ್ಲ ಬಗ್ಗಿಸಿ, ಮೀನಿನವಳ ಚೂರಿ ಇಸಿದುಕೊಂಡು ಪ್ಲಾಸ್ಟಿಕ್ ಬಾಟಲಿಯ ತಳ ಕೊಯ್ದಳು. ಒಳಗೆ ಬೂದುಬಣ್ಣದ ಗಟ್ಟಿ ಕೆಸರು. "ನೋಡ್ರಪ್ಪ, ಮುಟ್ಟಿ ನೋಡಿ! ನಿಮ್ಮ ಎಂಜಿನ್ ಹೊಟ್ಟೆಗೆ ಹೋಗೋದು ಇದು. ಬಾಟಲಿ ಮೇಲಿರೋ ಮುಖ ನಂದೇ. ಹಾಕಿ ಅಂತ ನಾನು ಯಾರಿಗೂ ಹೇಳಿಲ್ಲ!"

"ಕಾಕ್, ಸ್ವಲ್ಪ ಪಕ್ಕಕ್ಕೆ ಬನ್ನಿ, ಮಾತಾಡೋಣ" ಎಂದ ಮಾರಾಟಗಾರ, ಹಲ್ಲು ಕಚ್ಚಿ.

"ಕಾಕ್, ಅಕ್ಕ ಅಂತೆಲ್ಲ ಕರೀಬೇಡ ನನ್ನ. ಅದೋ ನಿನ್ನ ವ್ಯಾನ್. ಹಾಕು ಅದಕ್ಕೆ, ಈಗಲೇ."

"ಹಾಕಪ್ಪ ಹಾಕು, ಬಾನೆಟ್ ನಾವೇ ಎತ್ತಿ ಹಿಡೀತೀವಿ!" ಎಂದು ದೋಣಿಯವನೊಬ್ಬ ಕೂಗಿದ. ಇನ್ನೊಬ್ಬ, "ವ್ಯಾನ್ ಅವ್ನ ಮಾವಂದು ಇರ್ಬೇಕು, ಹೆದರ್ತಾನೆ" ಎಂದ. ನಗು ಎದ್ದಿತು. ಮಾರಾಟಗಾರ ವ್ಯಾನಿನ ಕೀಲಿಯನ್ನು ಜೇಬಿಗೆ ಇಳಿಸಿಕೊಂಡ. ಅದನ್ನು ಎಲ್ಲರೂ ನೋಡಿದರು. ಮಾರಾಂಗ್ ಕಟ್ಟೆಯಲ್ಲಿ ಆಮೇಲೆ ಆ ಮೇಜು ಹಾಕಲು ಯಾರೂ ಬಿಡಲಿಲ್ಲ.

ಜವಿಯಾಗೆ ಸಿಕ್ಕಿದ್ದು ಶಿಕ್ಷೆ. ವಿಭಾಗದವರು ಪ್ರಯೋಗಾಲಯದ ಕೀಲಿ ಕಿತ್ತುಕೊಂಡರು. ಮೊದಲ ವರ್ಷದವರಿಗೆ ಪಾಠ ಹೇಳಿಕೊಂಡಿರು ಎಂದರು. ಪೊಕ್ ದರಮಾನನ ಎಂಜಿನ್ನಿಗೆ ಯಾರೂ ಹೊಣೆ ಹೊರಲಿಲ್ಲ. ಆ ವಯಸ್ಸಿನಲ್ಲಿ ಅವನು ಬೇರೆಯವರ ದೋಣಿಯಲ್ಲಿ ಬಲೆ ಎಳೆಯಲು ನಿಂತ. ಪಕ್ಕದ ಊರುಗಳಲ್ಲಿ ನ್ಯಾನೊ ಲಿಚಿನ್ ಮಾರಾಟ ನಡೆದೇ ಇತ್ತು, ಲೇಬಲ್ಲಿನಲ್ಲಿ ಈಗ ಬಿಳಿ ಕೋಟಿನ ಯಾವನೋ ಸುಂದರಾಂಗ.

ಒಂದು ದಿನ ಕಟ್ಟೆಯಲ್ಲಿ ಸಿಕ್ಕ ಮುದುಕ ಅಳುಕುತ್ತಲೇ ಕೇಳಿದ: "ಹಂಗಾದ್ರೆ ಆ ಪುಡಿ ಎಲ್ಲಾ ಮೋಸಾನಾ, ಮಗಳೇ?"

"ಮೋಸ ಅಲ್ಲ ಪೊಕ್!" ಎಂದಳು ಜವಿಯಾ. "ಅದಕ್ಕೇ ನಂಗೆ ಹೊಟ್ಟೆ ಉರಿಯೋದು. ಅದು ನಿಜ. ಇನ್ನೂ ಕಾಯ್ಬೇಕಿತ್ತು, ಅಷ್ಟೆ. ಈಗ ನಾಳೆ ನಾನು ಸರಿಯಾದ್ದನ್ನೇ ತಂದ್ರೂ ನೀವು ಯಾರೂ ಮುಟ್ಟಲ್ಲ."

ಪೊಕ್ ದರಮಾನ್ ಇಲ್ಲ ಎನ್ನಲಿಲ್ಲ. ಬಲೆ ಹೆಗಲಿಗೇರಿಸಿಕೊಂಡು ದೋಣಿಯತ್ತ ನಡೆದ.