ತಿರುವಿನಲ್ಲಿ ಹಾಕಿದ ಸೊಪ್ಪು

ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆಗ ನಾನು ಗಡಿಯಾರ ನೋಡುತ್ತಿದ್ದೆ. ಡಿಸೆಂಬರಿನ ಚಳಿಗೆ ಸ್ವೆಟರ್ ಹಾಕಿಕೊಂಡು ಮೂಡಿಗೆರೆಯಿಂದ ಕಳಸದ ಕಡೆಗೆ ಸ್ಕೂಟರಿನಲ್ಲಿ ಹೊರಟಿದ್ದೆ. ಗಡಿಯಾರ ಸ್ವೆಟರಿನ ತೋಳಿನೊಳಗೆ ಸೇರಿಕೊಂಡಿತ್ತು. ತೋಳು ಸರಿಸಲು ಬಲಗೈಯನ್ನು ಆಕ್ಸಿಲರೇಟರಿನಿಂದ ತೆಗೆಯಬೇಕಾಯಿತು, ಸ್ಕೂಟರ್ ನಿಧಾನವಾಯಿತು. ಅದಕ್ಕೆ ಸ್ವಲ್ಪ ಮೊದಲು ಮುಂದಿದ್ದ ಬೈಕನ್ನು ಹಿಂದೆ ಹಾಕಲು ಹಾರ್ನ್ ಒತ್ತುವವನಿದ್ದೆ. ಒತ್ತಲಿಲ್ಲ. ಬೈಕು ನನಗಿಂತ ಮೊದಲು ತಿರುವಿನಲ್ಲಿ ಮರೆಯಾಯಿತು. ಆಮೇಲೆ ಶಬ್ದ ಕೇಳಿಸಿತು.

ತಿರುವು ದಾಟಿದ ಕೂಡಲೇ ರಸ್ತೆಯ ಅರ್ಧ ಭಾಗ ಹಿಡಿದುಕೊಂಡು ಒಂದು ಪಿಕಪ್ ನಿಂತಿತ್ತು. ಹಿಂದಿನ ಚಕ್ರ ಬಿಚ್ಚಿ ಜಾಕ್ ಕೊಟ್ಟಿದ್ದರು. ಚಾಲಕ ಚಕ್ರವನ್ನು ಪಂಕ್ಚರ್ ಹಾಕಿಸಲು ಒಯ್ದಿದ್ದ, ಗಾಡಿಯ ಹತ್ತಿರ ಯಾರೂ ಇರಲಿಲ್ಲ. ಬೈಕು ಅದರ ಹಿಂಭಾಗಕ್ಕೆ ಗುದ್ದಿ ಬಿದ್ದಿತ್ತು. ಸವಾರ ರಸ್ತೆಯ ಮೇಲಿದ್ದ. ಎಚ್ಚರವಿತ್ತು. ಬಲಗಾಲು ಮಾತ್ರ ಕಾಲು ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ.

ನಾನು ಮೊದಲು ಮಾಡಿದ ಕೆಲಸ ಅವನನ್ನು ಮುಟ್ಟುವುದಾಗಿರಲಿಲ್ಲ. ಬೇಲಿಗೆ ನೆಟ್ಟಿದ್ದ ಗೊಬ್ಬರದ ಗಿಡದಿಂದ, ಅಂದರೆ ಗ್ಲಿರಿಸಿಡಿಯಾದಿಂದ, ಕೊಂಬೆ ಮುರಿದೆ. ನಮ್ಮ ಕಡೆ ರಸ್ತೆಯಲ್ಲಿ ಏನಾದರೂ ಕೆಟ್ಟು ನಿಂತರೆ ಹಿಂದೆ ಹಸಿರು ಸೊಪ್ಪು ಹಾಕುತ್ತಾರೆ, ಗಾಳಿಗೆ ಹಾರದಂತೆ ಬುಡಕ್ಕೊಂದು ಕಲ್ಲಿಡುತ್ತಾರೆ. ಸೊಪ್ಪು ಕಂಡರೆ ಮುಂದೆ ಏನೋ ಇದೆ ಎಂದು ಲಾರಿಯವನಿಗೂ ಗೊತ್ತು, ಬಸ್ಸಿನವನಿಗೂ ಗೊತ್ತು. ಗಾಬರಿಯಲ್ಲಿ ಮೊದಲ ಕೊಂಬೆಯನ್ನು ಬಿದ್ದವನ ಪಕ್ಕದಲ್ಲೇ ಹಾಕಿ ಕಲ್ಲಿಟ್ಟೆ. ಆಮೇಲೆ ಬುದ್ಧಿ ಬಂದು, ಇನ್ನೆರಡನ್ನು ತಿರುವಿನ ಆಚೆ, ನಾವು ಬಂದ ಮೇಲಿನ ರಸ್ತೆಯಲ್ಲಿ ಹಾಕಿ ಬಂದೆ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಳ್ಳುವಷ್ಟರಲ್ಲಿ ಕೆಲಸದವರನ್ನು ತುಂಬಿಕೊಂಡ ಜೀಪೊಂದು ಬಂದು ನಿಂತಿತು. ಅದರಲ್ಲಿದ್ದವರನ್ನು ಇಳಿಸಿ ಅವನನ್ನು ಹತ್ತಿಸಿದೆವು.

ಪೊಲೀಸರು ಬಂದಾಗ ಹನ್ನೊಂದೂವರೆ. ಒಬ್ಬರು ಫೋನಿನಲ್ಲಿ ಫೋಟೊ ತೆಗೆದರು, ಇನ್ನೊಬ್ಬರು ರಸ್ತೆ ಅಳೆದು ಮಹಜರು ಬರೆದರು. ಪಿಕಪ್ಪಿನ ಹಿಂದೆ ಎಚ್ಚರಿಕೆಯ ಸೊಪ್ಪು ಇದೆ ಎಂದೂ ಅದರಲ್ಲಿ ಸೇರಿಸಿದರು. ಪದವಿ ಓದಿದವನು ನಾನು, ಪೂರ್ತಿ ಓದಿಯೇ ಸಹಿ ಹಾಕಿದೆ. ಸೊಪ್ಪು ಇದ್ದದ್ದು ನಿಜವೇ ಆಗಿತ್ತು.

ಹೇಳಿಕೆ ಕೊಡಲು ಕೆಲವು ದಿನಗಳ ಬಳಿಕ ಠಾಣೆಗೆ ಹೋದೆ. ಗೋಡೆಯ ಮೇಲೆ ಕಪ್ಪು ಹಲಗೆಯಿತ್ತು. ಬಣ್ಣದಲ್ಲಿ ಬರೆದ ಶೀರ್ಷಿಕೆಗಳು, ಖಾನೆಗಳಲ್ಲಿ ಸೀಮೆಸುಣ್ಣದ ಅಂಕಿಗಳು: ಮಾರಣಾಂತಿಕ ಅಪಘಾತ, ಮಾರಣಾಂತಿಕವಲ್ಲದ ಅಪಘಾತ. ನಾನು ಕಂಡದ್ದು ಇದರಲ್ಲಿ ಎಲ್ಲಿದೆ ಎಂದು ನೋಡುತ್ತ ನಿಂತೆ. ಅಲ್ಲಿದ್ದ ಪೇದೆಗೆ ನನ್ನ ಹುಡುಕಾಟ ತಮಾಷೆಯಾಗಿ ಕಂಡಿರಬೇಕು.

“ನಿಮ್ದು ಯಾವ್ದು ಅಂತ ಹುಡುಕ್ತಿದ್ದೀರಾ ಮಾರಾಯ್ರೆ? ಕೆಳಗಿನ ಸಾಲಲ್ಲಿ ಸೇರ್ಸಿದ್ದೀವಿ. ಮೇಲಿಂದು ಸತ್ತೋರಿಗೆ.”

“ಕಾಲು ಹೋದ್ರೆ?”

“ಬದುಕಿದಾನಲ್ಲ. ಕಾಲಿಗೆ ಅಂತ ಬೇರೆ ಖಾನೆ ಇಲ್ಲ.”

“ಅಲ್ಲೇ ರಾಜಿ ಮಾಡ್ಕೊಂಡು ಹೋದೋರು?”

“ಅವ್ರು ಬಿದ್ದೇ ಇಲ್ಲ ಅಂತ ಲೆಕ್ಕ,” ಎಂದು ನಕ್ಕರು. ಜನವರಿ ಬಂದ ಕೂಡಲೇ ಎಲ್ಲ ಒರೆಸಿ ಮೊದಲಿನಿಂದ ಶುರು ಮಾಡುತ್ತಾರಂತೆ. ನಾನು ನೋಡಿದ ಅಪಘಾತ ಆ ಹಲಗೆಯ ಮೇಲೆ ಬದುಕಿದ್ದು ಮೂರು ವಾರವೂ ಇಲ್ಲ.

ನನ್ನ ತಲೆಯಲ್ಲಿ ಮಾತ್ರ ಅದನ್ನು ಯಾರೂ ಒರೆಸಲಿಲ್ಲ. ದಿನವೂ ರಾತ್ರಿ ಎರಡು ಎರಡೂವರೆಗೆ ಎಚ್ಚರವಾಗುತ್ತಿತ್ತು. ಗಡಿಯಾರ, ಬೈಕು, ತಿರುವು. ಕೆಲವು ದಿನ ಕನಸಿನಲ್ಲಿ ನಾನು ಬೈಕನ್ನು ಹಿಂದೆ ಹಾಕಿರುತ್ತಿದ್ದೆ, ರಸ್ತೆಯ ಮೇಲೆ ಬಿದ್ದವನು ನಾನೇ ಆಗಿರುತ್ತಿದ್ದೆ.

ಮಳೆಗಾಲ ಮುಗಿದ ಮೇಲೆ, ನಾನು ಕೆಲಸ ಮಾಡುವ ಕಾಫಿ ವ್ಯಾಪಾರಿಯ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಬಿದ್ದವನ ಹೆಂಡತಿ. ಅವನು ಎಸ್ಟೇಟುಗಳಲ್ಲಿ ಮರ ಹತ್ತುವವನು. ಮಳೆಗೆ ಮೊದಲು ನೆರಳಿನ ಮರಗಳ ಕೊಂಬೆ ಕಡಿಯುವುದು, ಆಮೇಲೆ ಏಣಿ ಹಾಕಿ ಕಾಳುಮೆಣಸು ಕೊಯ್ಯುವುದು. ಈಗ ಕಾಲು ಉಳಿದಿದೆ, ಮಂಡಿ ಮಡಚುವುದಿಲ್ಲ. ಪರಿಹಾರಕ್ಕೆ ಕೋರ್ಟಿನಲ್ಲಿ ಅರ್ಜಿ ಹಾಕಿದ್ದಾರೆ.

“ಅಣ್ಣಾ, ಪಿಕಪ್ಪಿನೋರು ಸೊಪ್ಪು ಹಾಕಿದ್ರಂತೆ. ನೋಡ್ದೆ ಹೋಗಿ ಗುದ್ದಿದ್ದು ಇವ್ರದ್ದೇ ತಪ್ಪಂತೆ. ಹಾಗಂತ ಇನ್ಶೂರೆನ್ಸಿನೋರು ಹೇಳ್ತಿದಾರೆ. ಏನೂ ಸಿಗಾಕಿಲ್ಲ ಅಂತಾರೆ ನಮ್ ವಕೀಲ್ರು. ಸೊಪ್ಪು ಇತ್ತಾ ಅಣ್ಣಾ?”

“ಇತ್ತು. ಹಾಕಿದ್ದು ನಾನು. ಅವ್ರು ಬಿದ್ದಮೇಲೆ.”

ಅವಳು ನನ್ನನ್ನೇ ನೋಡಿದಳು. “ಅದನ್ನ ಹೇಳ್ಬಾರ್ದಿತ್ತಾ ನೀವು?”

ಯಾಕೆ ಹೇಳಲಿಲ್ಲ? ಹೇಳಬೇಕಾದ ವಿಷಯ ಎಂದು ಹೊಳೆಯಲೇ ಇಲ್ಲ. ಬಿದ್ದವರಿಗೆ ನೀರು ಕೊಟ್ಟೆ ಎಂದು ಯಾರಾದರೂ ಬರೆಸುತ್ತಾರೆಯೇ? ಈ ರಸ್ತೆಗಳಲ್ಲಿ ಸೊಪ್ಪು ಹಾಕುವುದೂ ಹಾಗೆಯೇ. ಆದರೆ ಅದೇ ಸೊಪ್ಪು ಈಗ ಅವನಿಗೆ ಅಡ್ಡ ನಿಂತಿತ್ತು, ಅದರ ಕೆಳಗೆ ನನ್ನ ಸಹಿಯೂ ಇತ್ತು.

ಸಾಕ್ಷಿ ಹೇಳುತ್ತೇನೆ ಎಂದೆ. ಹಾಗೆಂದ ಮೇಲೆ ನಿದ್ರೆ ಇನ್ನೂ ಕೆಟ್ಟಿತು. ಈಗ ಕನಸಿನಲ್ಲಿ ನಾನು ತಿರುವು ದಾಟುವ ಮೊದಲೇ ಸೊಪ್ಪು ಅಲ್ಲಿರುತ್ತಿತ್ತು. ಒಂದು ವೇಳೆ ಚಾಲಕನೂ ಹಾಕಿದ್ದನೇ? ನಾನು ಮೂರು ಕೊಂಬೆ ಮುರಿದೆನೇ, ಎರಡೇ? ಎಷ್ಟು ನೆನೆದರೂ ನೆನಪು ಗಟ್ಟಿಯಾಗುವ ಬದಲು ಸವೆಯುತ್ತಿತ್ತು. ಇದೊಂದು ವಿಚಿತ್ರ.

ಬೆಳೆಗಾರರ ಕಣಕ್ಕೆ ಹೋಗಿ, ಹಣ್ಣಿನ ಸಿಪ್ಪೆ ಸುಲಿದು ಒಣಗಲು ಹರಡಿದ ಪಾರ್ಚ್‌ಮೆಂಟ್ ಕಾಫಿಯಲ್ಲಿ ತೇವ ಎಷ್ಟಿದೆ ಎಂದು ಮೀಟರಿನಲ್ಲಿ ನೋಡಿ ಹೇಳುವುದು ನನ್ನ ಕೆಲಸ. ಯಾವುದು ಎಷ್ಟು ಹೊತ್ತಿಗೆ ಒಣಗುತ್ತದೆ ಎಂಬುದೊಂದು ನನಗೆ ಗೊತ್ತು. ಪಿಕಪ್ ಕೆಟ್ಟು ನಿಂತದ್ದು ಬೆಳಗ್ಗೆ ಎಂಟಕ್ಕೆ ಎಂದು ಚಾಲಕನೇ ಪೊಲೀಸರಿಗೆ ಹೇಳಿದ್ದ. ಚಾಲಕ ಆಗಲೇ ಸೊಪ್ಪು ಹಾಕಿದ್ದರೆ ಹನ್ನೊಂದೂವರೆಗೆ ಅದು ಹೇಗಿರುತ್ತಿತ್ತು? ಮತ್ತೆ ಡಿಸೆಂಬರ್ ಬಂದಾಗ ಒಂದು ಬೆಳಗ್ಗೆ ಎಂಟಕ್ಕೆ ಅದೇ ತಿರುವಿಗೆ ಹೋಗಿ, ಅದೇ ಬೇಲಿಯ ಕೊಂಬೆ ಮುರಿದು ರಸ್ತೆಯಂಚಿಗೆ ಹಾಕಿ, ಮೋರಿಯ ಕಟ್ಟೆಯ ಮೇಲೆ ಕುಳಿತೆ. ಬಸ್ಸೊಂದು ನಿಧಾನ ಮಾಡಿತು. ಚಾಲಕ ಕಿಟಕಿಯಿಂದ ತಲೆ ಹಾಕಿದ.

“ಯಾವ ಗಾಡಿ ಕೆಟ್ಟಿದೆ ಮಾರಾಯ?”

“ಗಾಡಿ ಇಲ್ಲ. ಸೊಪ್ಪು ಬಾಡೋದು ನೋಡ್ತಿದ್ದೀನಿ.”

“ಹೋಗಿ ಒಂದು ಕಾಫಿ ಕುಡಿ, ಸರಿಹೋಗ್ತದೆ,” ಎಂದು ಬಸ್ಸು ಬಿಟ್ಟ.

ಹನ್ನೊಂದೂವರೆಗೆ ಎಲೆಗಳೆಲ್ಲ ಜೋತುಬಿದ್ದಿದ್ದವು. ಫೋಟೊ ತೆಗೆದುಕೊಂಡು, ಏನೋ ಗೆದ್ದವನ ಹಾಗೆ ಬೈಕಿನವನ ವಕೀಲರ ಬಳಿಗೆ ಹೋದೆ. ಅವರು ಗಂಭೀರ ಸ್ವಭಾವದ ಹೆಂಗಸು.

“ಅವತ್ತು ನೆರಳಿತ್ತು ಅಂತಾರೆ, ಮಂಜಿತ್ತು ಅಂತಾರೆ. ನೀವೇನು ಸಸ್ಯಶಾಸ್ತ್ರದೋರಾ ಅಂತ ಕೇಳ್ತಾರೆ. ಕೋರ್ಟಲ್ಲಿ ಇದು ನಿಲ್ಲಲ್ಲ,” ಎಂದರು.

ಆದರೂ ಹೋಲಿಸಿ ನೋಡೋಣವೆಂದು ಪೊಲೀಸರ ಫೋಟೊವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರು. ಕಂಡದ್ದು ಮೊದಲ ಕೊಂಬೆ, ಗಾಬರಿಯಲ್ಲಿ ನಾನು ತೀರಾ ಹತ್ತಿರ ಹಾಕಿದ್ದು. ಎಲೆಗಳು ನೆಟ್ಟಗಿದ್ದವು. ನಾನು ಎಲೆಯನ್ನೇ ನೋಡುತ್ತಿದ್ದೆ. ನೋಡುತ್ತ ನೋಡುತ್ತ ಎಲೆಗಳ ಸಂದಿಯಲ್ಲಿ ಕೆಂಪಗೆ ಏನೋ ಕಂಡಿತು. ಹೂವಿರಬಹುದು ಎಂದುಕೊಂಡೆ. ಆ ಗಿಡದ ಹೂವು ಕೆಂಪಲ್ಲ.

“ಮೇಡಂ, ಅದು ಗಾಜಿನ ಚೂರು. ಪಿಕಪ್ಪಿನ ಹಿಂದಿನ ಲೈಟಿಂದು.”

ಅವರು ಇನ್ನೂ ದೊಡ್ಡದು ಮಾಡಿದರು. ಕೆಂಪು ಚೂರುಗಳು ಕೊಂಬೆಯ ಅಡಿಯಲ್ಲಿದ್ದವು, ಕಲ್ಲಿನ ಅಂಚಿನ ಕೆಳಗೂ ಒಂದಿತ್ತು. ಬೈಕು ಗುದ್ದಿದಾಗ ಒಡೆದ ಗಾಜು ಅದು. ಅದರ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಕಲ್ಲು. ಅಂದರೆ ಬೈಕು ಗುದ್ದಿದ ಮೇಲೆಯೇ ಸೊಪ್ಪು ಬಿದ್ದದ್ದು. ನನ್ನ ನೆನಪು ಸುಳ್ಳು ಹೇಳಿರಲಿಲ್ಲ.

ಕೋರ್ಟಿನಲ್ಲಿ ವಿಮಾ ಕಂಪನಿಯ ವಕೀಲರು ಮಹಜರನ್ನು ನನ್ನ ಮುಂದೆ ಹಿಡಿದರು.

“ಓದಿ ಸಹಿ ಮಾಡಿದ್ರಾ?”

“ಹೌದು.”

“ಆಗ ಸುಮ್ಮನಿದ್ದು ಈಗ ನೆನಪಾಯ್ತೋ?”

“ಸೊಪ್ಪು ಇದೆ ಅಂತ ಬರ್ಕೊಂಡ್ರು ಸಾರ್. ಯಾರು ಹಾಕಿದ್ದು ಅಂತ ಯಾರೂ ಕೇಳ್ಲಿಲ್ಲ.”

ಫೋಟೊ ತೋರಿಸಿ ಗಾಜಿನ ವಿಷಯ ಹೇಳಿದೆ. ನ್ಯಾಯಾಧೀಶರು ಕನ್ನಡಕ ತೆಗೆದು ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದರು. ಆಮೇಲೆ ಕೆಳಗಿಟ್ಟರು. ಹೊರಗೆ ವರಾಂಡದಲ್ಲಿ ಪಿಕಪ್ಪಿನ ಚಾಲಕ ಸಿಕ್ಕಿದ. ಸಿಟ್ಟು ಮಾಡಿಕೊಂಡಿದ್ದಾನೆ ಎಂದು ತಿಳಿದಿದ್ದೆ. “ನಾ ಹಾಕ್ದೆ ಅಂತ ನಾ ಎಲ್ಲೂ ಹೇಳಿಲ್ಲ ಮಾರಾಯ್ರೆ. ಅವ್ರೇ ಬರ್ಕೊಂಡ್ರು, ಸುಮ್ನಾದೆ,” ಎಂದ. ಅದು ನನಗೆ ಅರ್ಥವಾಯಿತು. ಸುಮ್ಮನಿದ್ದವನು ಅವನೊಬ್ಬನೇ ಆಗಿರಲಿಲ್ಲ.

ಕೆಲವು ತಿಂಗಳಿಗೆ ತೀರ್ಪು ಬಂತು. ವೇಗದ ಕಾರಣಕ್ಕೆ ತಪ್ಪಿನಲ್ಲಿ ಸ್ವಲ್ಪ ಪಾಲು ಬೈಕಿನವನಿಗೂ ಬಂದಿತ್ತು. ಹೆಚ್ಚಿನ ಪಾಲು ಎಚ್ಚರಿಕೆಯಿಲ್ಲದೆ ನಿಂತ ಪಿಕಪ್ಪಿನದು, ಪರಿಹಾರವನ್ನು ಅದರ ವಿಮಾ ಕಂಪನಿ ಕೊಡಬೇಕು. ವಕೀಲರ ಕಚೇರಿಯಲ್ಲಿ ಗಂಡ ಹೆಂಡತಿ ಇಬ್ಬರೂ ಇದ್ದರು. ಅವನು ಕಾಲು ನೀಡಿಕೊಂಡು ಕುಳಿತಿದ್ದ. ರಸ್ತೆಯಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ ದಿನದ ನಂತರ ನಾವು ಸರಿಯಾಗಿ ಮಾತಾಡಿರಲಿಲ್ಲ.

“ನಾನು ಸೊಪ್ಪು ಹಾಕದೇ ಇದ್ದಿದ್ರೆ ನಿಮಗೆ ಇಷ್ಟು ಅಲೆದಾಟ ಇರ್ತಿರಲಿಲ್ಲ,” ಎಂದೆ. ಅವನ ಹೆಂಡತಿ ಅಂಗಡಿಗೆ ಬಂದ ದಿನದಿಂದ ಹೊತ್ತುಕೊಂಡಿದ್ದ ಮಾತು.

“ಏನ್ ಮಾತೂಂತ ಆಡ್ತೀರಿ!” ಎಂದ ಅವನು. “ಆ ಜೀಪು ಹೇಗೆ ಬರ್ತಿತ್ತು ನೋಡಿದ್ರಾ ನೀವು? ನನ್ ತಲೆ ನಿಮ್ ತೊಡೆ ಮೇಲಿತ್ತು, ನಂಗೆ ಕಾಣ್ತಿತ್ತು. ತಿರುವಿನ ಮೇಲ್ಗಡೆ ನಿಮ್ ಸೊಪ್ಪು ಕಂಡು ಬ್ರೇಕ್ ಹಿಡ್ದ. ಇಲ್ದಿದ್ರೆ ನಾನೂ ಇಲ್ಲ, ನೀವೂ ಇಲ್ಲ. ಕಾಲಿನ ಕೇಸು ಯಾರು ಹಾಕ್ತಿದ್ರು?”

“ಆಗ ಮೇಲಿನ ಸಾಲು,” ಎಂದೆ. ಅವನಿಗೆ ಅರ್ಥವಾಗಲಿಲ್ಲ. ಠಾಣೆಯ ಹಲಗೆಯ ವಿಷಯ ಹೇಳಿದೆ. ಅವನು ಜೋರಾಗಿ ನಕ್ಕ, ಹೆಂಡತಿ ನಗಲಿಲ್ಲ.

ಜೀಪು ಬರುವುದನ್ನು ನಾನು ನೋಡಿಯೇ ಇರಲಿಲ್ಲ. ಸಾವಿರ ಸಲ ನೆನೆದ ಆ ಬೆಳಗಿನಲ್ಲಿ ಆ ಜೀಪು ಯಾವಾಗಲೂ ಆಗಲೇ ಬಂದು ನಿಂತಿರುತ್ತಿತ್ತು.

ಅಂದು ಬುಧವಾರ. ರಾತ್ರಿ ಹತ್ತಕ್ಕೆ ಮಲಗಿದೆ. ಎಚ್ಚರವಾದಾಗ ಹಾಲಿನವನು ಬಂದು ಹೋಗಿಯಾಗಿತ್ತು.